ವಾರಿಜಕ್ಕನ ಹುಳಿ, ಹುಲಿ

ಯಾರಾದರೂ ‘ಳ’ ಇರಬೇಕಾದಲ್ಲಿ ‘ಲ’ ಅಂದರೆ ಸಾಕು, ವಾರಿಜಕ್ಕನ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು. ಎದುರಿಗಿದ್ದವರು ಗುರುತಿನವರೇ ಆಗಬೇಕೆಂದಿರಲಿಲ್ಲ. ನಾನು ಅವರನ್ನು ಮೊದಲು ಕಂಡದ್ದು ಠಾಣೆಯಿಂದ ಡೊಂಬಿವಲಿಗೆ ಹೋಗುವ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ. ಒಬ್ಬ ಹುಡುಗಿ ಫೋನಿನಲ್ಲಿ ಅಮ್ಮನಿಗೆ “ಆಮೇಲೆ ಹೇಲ್ತೀನಿ” ಅಂದಳು. ಅವಳ ಭುಜದ ಮೇಲೆ ಆ ಬೆರಳು ಬಿತ್ತು.

“ಉತರನಾ ಹೈ ಕ್ಯಾ, ಆಂಟಿ?”

“ಇಳೀಲಿಕ್ಕಿಲ್ಲ ಮಗಾ. ‘ಹೇಳ್ತೇನೆ’ ಅನ್ನು ನೋಡುವ. ನಾಲಗೆ ಮಡಿಸು, ಹಾಂ, ಹಿಂದೆ.”

ಮುಂಬ್ರಾ ದಾಟುವಷ್ಟರಲ್ಲಿ ಹುಡುಗಿ ಹೇಳಿಬಿಟ್ಟಳು. ಪಕ್ಕದಲ್ಲಿ ನಿಂತಿದ್ದ ಮರಾಠಿ ಹೆಂಗಸರು “ಬರೋಬರ್” ಎಂದು ತಲೆಯಾಡಿಸಿದರು. ನಾನು ಕನ್ನಡದವಳೆಂದು ತಿಳಿದದ್ದೇ ತಡ, ವಾರಿಜಕ್ಕ ನನ್ನನ್ನೂ ಮಾತಿಗೆಳೆದರು. ಡೊಂಬಿವಲಿಯಲ್ಲಿ ಇಳಿಯುವಾಗ, ಅವರು ಭಾನುವಾರ ನಡೆಸುತ್ತಿದ್ದ ಮಕ್ಕಳ ಕನ್ನಡ ತರಗತಿಗೆ ಬರುವುದಾಗಿ ನಾನು ಒಪ್ಪಿಯಾಗಿತ್ತು.

ಅವರು ಉಡುಪಿ ಕಡೆಯವರು. ಮನೆಮಾತು ತುಳು. ಠಾಣೆಯ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. “ಫೋನಿನಲ್ಲಿ ಮುಖ ಕಾಣುದಿಲ್ಲ ಮಾರಾಯ್ತಿ. ಮಾತು ಚಂದ ಮಾಡದಿದ್ರೆ ನಮಗೆ ಬೇರೆಂತ ಉಂಟು?” ಅನ್ನುತ್ತಿದ್ದರು. ಗಂಡ ತೀರಿಕೊಂಡಿದ್ದರು, ಮಗಳು ಸಾನಪಾಡಾದಲ್ಲಿ. ಮೈಸೂರಿನಿಂದ ಬಂದು ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡವೊಂದರಲ್ಲಿ ಒಬ್ಬಳೇ ಇದ್ದ ನನಗೆ, ವಾರವಿಡೀ ಕಂಪ್ಯೂಟರಿನ ಮುಂದೆ ಕೂತ ಮೇಲೆ, ಅವರ ಅಡುಗೆಮನೆಯ ಸ್ಟೂಲೇ ಊರಾಯಿತು.

ಮಧ್ಯೆ ಅವರಿಗೆ ಲಘುವಾಗಿ ಪಾರ್ಶ್ವವಾಯು ತಾಗಿತು. ಕೆಲವು ವಾರ ಮಾತು ತೊದಲಿತು. ಸುಧಾರಿಸಿಕೊಂಡರು, ಆದರೆ ಹೆದರಿಕೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಿಂತು “ಹಳ್ಳಿ, ಹಲ್ಲಿ” ಎಂದು ಹೇಳಿ ನೋಡಿಕೊಳ್ಳುತ್ತಿದ್ದರು. ಆಗಲೇ ನನಗೆ ಅವರ ದನಿಯನ್ನು ರೆಕಾರ್ಡ್ ಮಾಡಬೇಕೆನಿಸಿದ್ದು. ಮಕ್ಕಳು ಪರದೆಯ ಮೇಲಿನ ಚಿತ್ರ ಒತ್ತಿದರೆ ವಾರಿಜಕ್ಕ ಆ ಪದ ಹೇಳಬೇಕು, ಅಷ್ಟೇ.

ರೆಕಾರ್ಡ್ ಮಾಡಿದ ಒಂದೊಂದು ಪದವನ್ನೂ ಒಂದೊಂದು ಕಡತವಾಗಿ ಉಳಿಸಿ, ಅವುಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟೆ. ‘ಲ’ಗೆ ಸಣ್ಣ ಎಲ್, ‘ಳ’ಗೆ ದೊಡ್ಡ ಎಲ್. ಆಫೀಸಿನಲ್ಲಿ ಮಾಡುವಂತೆ ಎಲ್ಲವನ್ನೂ ವರ್ಷನ್ ಕಂಟ್ರೋಲ್‌ಗೆ ಸೇರಿಸಿದೆ; ಮುಂದೆ ಯಾರು ಏನು ತಿದ್ದಿದರೂ ಹಿಂದಿನದು ಅಳಿಯದೆ ಉಳಿಯಲಿ ಎಂದು. ಅಲ್ಲಿಂದ ತರಗತಿಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ.

ಮೊದಲ ಭಾನುವಾರ ಮಕ್ಕಳು ಹಳ್ಳಿಯ ಚಿತ್ರ ಒತ್ತಿದರು. ವಾರಿಜಕ್ಕನ ದನಿ ಸ್ಪಷ್ಟವಾಗಿ “ಹಲ್ಲಿ” ಅಂದಿತು. ಸಾಂಬಾರಿನ ಬಟ್ಟಲು ಒತ್ತಿದರೆ “ಹುಲಿ”. ಬಳೆ ಒತ್ತಿದರೆ “ಬಲೆ”. ಮಕ್ಕಳು ನಕ್ಕೂ ನಕ್ಕೂ ಸುಸ್ತಾದರು. “ಆಂಟಿ ಕೋ ಭೀ ನಹೀ ಆತಾ! ಆಂಟಿಗೂ ಬರಲ್ಲ!” ಎಂದು ಯಾರೋ ಕೂಗಿದರು.

ವಾರಿಜಕ್ಕನ ಬೆರಳು ಏಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು. “ನಾನು ಹಾಗೆ ಹೇಳಿದ್ದಾ?” ಎಂದು ನನ್ನನ್ನು ಮೆಲ್ಲಗೆ ಕೇಳಿದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫೋನ್ ಮಾಡಿದರೆ “ಹೂಂ”, “ಇಲ್ಲ” ಬಿಟ್ಟು ಬೇರೆ ಮಾತಿಲ್ಲ.

ಕಾರಣ ಸಿಕ್ಕಿದ್ದು ಹುಡುಕಿ ಹುಡುಕಿ ಸಾಕಾದ ಮೇಲೆ. ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್. ಅದು ಸಣ್ಣ ಎಲ್ ಬೇರೆ, ದೊಡ್ಡ ಎಲ್ ಬೇರೆ ಎಂದು ತಿಳಿಯುತ್ತದೆ. ತರಗತಿಯದರಲ್ಲಿ ವಿಂಡೋಸ್, ಅದಕ್ಕೆ ಎರಡೂ ಒಂದೇ ಹೆಸರು. ಹಳ್ಳಿಯನ್ನು ಇಟ್ಟ ಜಾಗದಲ್ಲೇ ಹಲ್ಲಿಯನ್ನೂ ಇಟ್ಟಿತ್ತು. ಕೊನೆಗೆ ಬಂದದ್ದು ಉಳಿದಿತ್ತು.

ನನ್ನ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಓಡಿದೆ. ಬಾಗಿಲು ತೆರೆದವರು ಒಳಗೆ ಹೋಗಿ ಮಂಚದ ಮೇಲೆ ಕೂತರು. ನಾನು ಪದಗಳನ್ನು ಒಂದೊಂದಾಗಿ ಕೇಳಿಸಿದೆ. ಹುಳಿ. ಹುಲಿ. ಹಳ್ಳಿ. ಹಲ್ಲಿ. ಕಣ್ಣು ಮುಚ್ಚಿ ಕೇಳಿದರು. ಬಳೆ ಬಂದಾಗ ಅವರ ತುಟಿಯೂ ಜೊತೆಗೆ ಆಡಿತು.

“ಹಾಗಾದ್ರೆ ನನ್ನ ನಾಲಗೆಯದ್ದಲ್ಲ?”

“ಅಲ್ಲ ಅಕ್ಕ. ಆ ಮೆಷಿನ್‌ಗೆ ದೊಡ್ಡಕ್ಷರ ಸಣ್ಣಕ್ಷರದ ಭೇದ ಗೊತ್ತಾಗಲ್ಲ.”

“ಅದನ್ನು ಅವತ್ತೇ ಹೇಳ್ಲಿಕ್ಕೆ ಎಂತ ನಿನಗೆ!” ಎಂದು ಗದರಿದರು. ಆಮೇಲೆ ಅತ್ತರು. ಆಮೇಲೆ ಚಹಾಕ್ಕೆ ನೀರಿಟ್ಟರು.

ಅಲ್ಲೇ ಕೂತು ‘ಳ’ ಇದ್ದ ಹೆಸರುಗಳಲ್ಲೆಲ್ಲ ದೊಡ್ಡ ಎಲ್ ತೆಗೆದು ‘ಎಲ್ ಎಚ್’ ಹಾಕಿದೆ. ದೊಡ್ಡಕ್ಷರ ಸಣ್ಣಕ್ಷರದಲ್ಲಷ್ಟೇ ಬೇರೆಯಾದ ಎರಡು ಹೆಸರು ಇನ್ನು ಮುಂದೆ ಒಳಗೆ ಬಾರದಂತೆ ತಡೆಯನ್ನೂ ಇಟ್ಟೆ. ಅವರು ಬಗ್ಗಿ ನೋಡಿ, “ಇದನ್ನು ಮಕ್ಕಳು ‘ಲ್ಹ’ ಅಂತ ಓದುದಿಲ್ವಾ?” ಅಂದರು.

“ಮಕ್ಕಳಿಗೆ ಇದು ಕಾಣೋದೇ ಇಲ್ಲ. ಮೆಷಿನ್ ಮಾತ್ರ ಓದೋದು.”

“ಅದು ಹೇಗೆ ಬೇಕಾದ್ರೂ ಓದಿ ಸಾಯ್ಲಿ.”

ಮುಂದಿನ ಭಾನುವಾರ ಕಾಟನ್ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಬಂದಿದ್ದರು. ಹಳ್ಳಿಯ ಚಿತ್ರವನ್ನು ತಾವೇ ಒತ್ತಿ, ಮಕ್ಕಳ ಕಡೆ ತಿರುಗಿ, ಗೆದ್ದವರ ಹಾಗೆ ನಿಂತರು.

ಎರಡನೆಯ ಸಲ ಪಾರ್ಶ್ವವಾಯು ಆದಾಗ ಮಗಳು ಸಾನಪಾಡಾಕ್ಕೆ ಕರೆದುಕೊಂಡು ಹೋದಳು. ನೋಡಲು ಹೋದೆ. ಮಾತು ಪೂರ್ತಿ ನಿಂತಿತ್ತು. ನನ್ನ ಕೈ ಹಿಡಿದುಕೊಂಡು ಬಿಡಲಿಲ್ಲ. ಮಗಳು ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು.

ತರಗತಿ ನಡೆಯುತ್ತಿದೆ. ಪದಗಳೆಲ್ಲ ಇವೆ, ಒಂದೂ ಕಳೆದಿಲ್ಲ. ಆದರೆ ರೆಕಾರ್ಡ್ ಮಾಡುವಾಗ ಪ್ರತಿ ಪದಕ್ಕೆ ಮೊದಲು ಅವರು ಗಂಟಲು ಸರಿಮಾಡಿಕೊಂಡು “ಶುರು ಮಾಡ್ಲಾ?” ಎಂದು ಕೇಳುತ್ತಿದ್ದರು. ಹೇಳಿದ ಮೇಲೆ “ಸರಿ ಬಂತಾ?” ಅನ್ನುತ್ತಿದ್ದರು. ಹಿಂದೆ ಕುಕ್ಕರ್ ಕೂಗುತ್ತಿತ್ತು, ಅವರು ನಗುತ್ತಿದ್ದರು. ಪದವಷ್ಟೇ ಸಾಕೆಂದು ಆ ಹಿಂದುಮುಂದನ್ನೆಲ್ಲ ನಾನು ಕತ್ತರಿಸಿ, ಆಮೇಲೆ ವರ್ಷನ್ ಕಂಟ್ರೋಲ್‌ಗೆ ಸೇರಿಸಿದ್ದೆ. ಕೊಡದೇ ಇದ್ದದ್ದನ್ನು ಅದಾದರೂ ಹೇಗೆ ಉಳಿಸಿಕೊಂಡೀತು?

ಮೊನ್ನೆ ಒಂದು ಮಗು ಮಳೆಯ ಚಿತ್ರ ಒತ್ತಿತು. “ಮಳೆ” ಅಂದರು ವಾರಿಜಕ್ಕ. ಸರಿ ಬಂತು ಅಕ್ಕ, ಎಂದು ಬಾಯಿಗೆ ಬಂದದ್ದನ್ನು ತಡೆದುಕೊಂಡೆ. ಮಗು ಆಗಲೇ ಮುಂದಿನ ಚಿತ್ರಕ್ಕೆ ಹೋಗಿತ್ತು.