ಬಾಗಿಲ ಬಳಿ ಇಟ್ಟು ಹೋಗಿ

ಕುಬೇರಪ್ಪ ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಭಾನುವಾರ ಬಂತೆಂದರೆ ಹರಿಹರದಿಂದ ಗೆಳೆಯ ನಿಂಗಪ್ಪ ಬಸ್ಸಿಗೆ ಬರುತ್ತಿದ್ದ. ಇಬ್ಬರೂ ಹೋಟೆಲಿನಲ್ಲಿ ಕೂತು ಬೆಣ್ಣೆ ದೋಸೆ ತಿಂದು, ಮಧ್ಯಾಹ್ನದವರೆಗೆ ಹರಟುತ್ತಿದ್ದರು. ಇಪ್ಪತ್ತು ವರ್ಷದ ರೂಢಿ.

ಹೋದ ವರ್ಷ ಕುಬೇರಪ್ಪನ ಬಲಗೈ ನಡುಗತೊಡಗಿತು. ಮಾತ್ರೆಗೂ ಪೂರ್ತಿ ನಿಲ್ಲಲಿಲ್ಲ, ನಿಂಗಪ್ಪನೆದುರು ಹೇಗೋ ಮರೆಮಾಚಿದ. ಒಂದು ದಿನ ಒಬ್ಬನೇ ಅದೇ ಹೋಟೆಲಿಗೆ ಹೋದಾಗ ಕೈ ಅದುರಿ, ಚಟ್ನಿ ಎದುರಿಗಿದ್ದವನ ಬಿಳಿ ಅಂಗಿಗೆ ಸಿಡಿಯಿತು. ಆತ ಬೈಯಲಿಲ್ಲ, ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದ. ಬೈದಿದ್ದರೆ ಕುಬೇರಪ್ಪ ಮರೆಯುತ್ತಿದ್ದನೇನೋ.

ಹೆಂಡತಿ ಲತಾಗೆ ಭಾನುವಾರವೂ ಆಸ್ಪತ್ರೆ ಡ್ಯೂಟಿ. ಅವಳಿಂದ ಮೊಬೈಲಿಗೆ ಊಟ ತರಿಸುವ ಆ್ಯಪ್ ಹಾಕಿಸಿಕೊಂಡ. 'ಬಾಗಿಲ ಬಳಿ ಇಟ್ಟು ಹೋಗಿ' ಎಂದು ಒತ್ತಿದರೆ ತಂದವರ ಮುಖವನ್ನೂ ನೋಡಬೇಕಿಲ್ಲ. ಆವರಗೆರೆಯ ಮನೆಯಲ್ಲಿ ಕೊರಳಿಗೆ ಟವೆಲ್ ಕಟ್ಟಿ, ನೆಲಕ್ಕೆ ಪೇಪರ್ ಹಾಸಿ ತಿನ್ನುತ್ತಿದ್ದ. ಅಂಗಡಿಯಲ್ಲಿ ಮಾತ್ರ ಆ್ಯಪನ್ನು ಹೊಗಳಿದ್ದೇ ಹೊಗಳಿದ್ದು: "ಕ್ಯೂ ನಿಲ್ಲೋದು ಬ್ಯಾಡ, ಬಿಸಿಲಾಗೆ ಅಲೆಯೋದು ಬ್ಯಾಡ. ಆಫರ್ ಬೇರೆ ಐತೆ!" ಐದಾರು ಜನ ಅವನ ಮಾತು ಕೇಳಿ ಹಾಕಿಸಿಕೊಂಡರು. ನಿಜವಾದ ಕಾರಣವನ್ನು ಅವನು ಯಾರಿಗೂ ಹೇಳಲಿಲ್ಲ.

ನಿಂಗಪ್ಪನಿಗೂ ಫೋನಿನಲ್ಲಿ ಅದನ್ನೇ ಅಂದ. "ಬಸ್ಸಿನಾಗೆ ಯಾಕ ಒದ್ದಾಡ್ತೀಯ? ಅಲ್ಲೇ ತರಿಸ್ಕೊ."

"ಆಯ್ತು ಬಿಡು" ಎಂದು ನಿಂಗಪ್ಪ ಫೋನಿಟ್ಟ. ಆಮೇಲೆ ನಾಲ್ಕು ತಿಂಗಳು ಅವನ ಮುಖ ಕಾಣಲಿಲ್ಲ.

ಒಂದು ಭಾನುವಾರ ಕುಬೇರಪ್ಪ ಪಾರ್ಸಲ್ ತೆಗೆದುಕೊಳ್ಳಲು ಬಾಗಿಲು ತೆರೆದರೆ, ಅದನ್ನು ಹಿಡಿದು ನಿಂಗಪ್ಪ ನಿಂತಿದ್ದ. ಇನ್ನೊಂದು ಕೈಯಲ್ಲಿ ಮಗಳ ಲಗ್ನಪತ್ರಿಕೆ. ಕುಬೇರಪ್ಪ ಟವೆಲ್ ಬಿಚ್ಚಿಕೊಳ್ಳುವಷ್ಟರಲ್ಲಿ ನಿಂಗಪ್ಪ ನೆಲದ ಪೇಪರನ್ನೂ, ಅದುರುವ ಕೈಯನ್ನೂ ನೋಡಿಬಿಟ್ಟಿದ್ದ.

"ಇದಕ್ಕಾ ನನ್ನ ಬರಬ್ಯಾಡ ಅಂದಿದ್ದು?"

ಕುಬೇರಪ್ಪ ನೆಲದ ಪೇಪರ್ ಮಡಚತೊಡಗಿದ.

"ನಾನೇನ್ ತಪ್ಪು ಮಾಡಿದ್ನೋ ಅಂತ ಯೋಚ್ನೆ ಮಾಡಿ ಸಾಕಾಗೈತೆ ಕಣೋ. ಎರಡು ಸಲ ಬಂದು ಹೋಟೆಲ್ ಮುಂದೆ ನಿಂತಿದ್ದೆ. ನೀನು ಬರಲಿಲ್ಲ. ಮನಿಗೆ ಬರಾಕೆ ಧೈರ್ಯ ಆಗಲಿಲ್ಲ."

ಕುಬೇರಪ್ಪನಿಗೆ ಚಟ್ನಿ ಸಿಡಿದಾಗಿನ ನಾಚಿಕೆ ಇದರ ಮುಂದೆ ಏನೂ ಅಲ್ಲ ಎನಿಸಿತು. ಇಷ್ಟು ವರ್ಷ ಜೊತೆಗೆ ಉಂಡವನು ನಗುತ್ತಾನೆಂದು ತಾನು ನಂಬಿದ್ದನಲ್ಲ! ಅವನನ್ನು ಬೀದಿಯಲ್ಲಿ ನಿಲ್ಲಿಸಿದ್ದನಲ್ಲ!

"ತಪ್ಪಾತು ನಿಂಗಪ್ಪ" ಎಂದ.

"ಲಗ್ನಕ್ಕಾದ್ರೂ ಬಾ" ಎಂದ ನಿಂಗಪ್ಪ. ಅವನ ದನಿಯಲ್ಲಿ ಇನ್ನೂ ನೋವಿತ್ತು. ಪಾರ್ಸಲ್ ಬಿಚ್ಚಿ, ಮೆತ್ತಗಾಗಿದ್ದ ದೋಸೆಯನ್ನು ಇಬ್ಬರೂ ಹಂಚಿಕೊಂಡು ತಿಂದರು.

ಮದುವೆ ದಿನ ಹರಿಹರದ ಛತ್ರದಲ್ಲಿ ಕುಬೇರಪ್ಪ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತ. ಸಾರು ಚೆಲ್ಲಿ ಪಂಚೆ ನೆನೆಯಿತು. ಪಕ್ಕದ ಹೆಂಗಸು ನೋಡಿದಳು. ಅವನ ಕಿವಿ ಬಿಸಿಯಾಯಿತು. ಬಡಿಸುತ್ತಿದ್ದ ನಿಂಗಪ್ಪ ಬಂದು, "ಪಾಯಸ ಹಾಕ್ಲಾ?" ಎಂದ.

"ಹಾಕು" ಎಂದು ಕುಬೇರಪ್ಪ ಎಲೆ ತೋರಿಸಿದ. ಊಟ ಮುಗಿಯುವವರೆಗೂ ಏಳಲಿಲ್ಲ.