ನಿಲಂಗಾದಲ್ಲಿ ಉದಗೀರ ತೋರಿಸಿದ ಪರದೆ

ಆ ಸೀಮೆಯಲ್ಲಿ ತೊಂಬತ್ತಮೂರರ ದೊಡ್ಡ ಭೂಕಂಪವಾಗಿ ಹದಿನೈದು ವರ್ಷವಾದರೂ ಆಗಿತ್ತು. ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾ, ನಿಲಂಗಾ, ಉದಗೀರ ಮೂರೂ ಕಡೆ ಶಾಖೆಯಿದ್ದ ಒಂದು ಕಣ್ಣಿನ ದವಾಖಾನೆಯಲ್ಲಿ ನಾನು ಕಂಪ್ಯೂಟರ್ ಕೆಲಸ ನೋಡುತ್ತಿದ್ದೆ. ರೋಗಿಗಳ ಸರದಿ ತೋರಿಸುವ ಪ್ರೋಗ್ರಾಮು ಪ್ರತಿ ಊರಿನ ಸರ್ವರ್ ಮೇಲೆ ಓಡುತ್ತಿತ್ತು. ಊರಿನ ಹೆಸರು, ಪರದೆಯ ಭಾಷೆ, ಡೇಟಾಬೇಸಿನ ವಿಳಾಸ ಎಲ್ಲವನ್ನೂ ನನಗಿಂತ ಮುಂಚಿನವರು ಪ್ಯಾಕೇಜಿನೊಳಗೇ, ಅಂದರೆ ಸರ್ವರಿಗೆ ಹಾಕುವ ಪ್ರೋಗ್ರಾಮಿನ ಕಟ್ಟಿನೊಳಗೇ, ಬರೆದಿಟ್ಟಿದ್ದರು. ಹಾಗಾಗಿ ಏನು ತಿದ್ದಿದರೂ ಊರಿಗೊಂದು ಪ್ಯಾಕೇಜು ಕಟ್ಟಬೇಕಿತ್ತು.

ಒಮ್ಮೆ ನಿಲಂಗಾಕ್ಕೆ ಹೋಗಿ ಹೊಸ ಪ್ಯಾಕೇಜು ಹಾಕಿ, ಚಹಾ ಹಿಡಿದು ಹೊರಗೆ ಕೂತೆ. ಪಕ್ಕದಲ್ಲಿ ಕಾಸಾರಶಿರಸಿಯಿಂದ ಬಂದ ಒಬ್ಬ ಅಜ್ಜಿ ಮತ್ತು ಅವಳ ಸೊಸೆ. ಸೊಸೆ ಪರದೆ ನೋಡಿ ಓದಿದಳು: "ಉದಗೀರ ಶಾಖೆ."

ಅಜ್ಜಿ ಚೀಲ ಎತ್ತಿಕೊಂಡು ಎದ್ದೇಬಿಟ್ಟಳು. "ತಪ್ಪ ಬಸ್ ಹತ್ತೀವಿ ನೋಡು."

"ಇದು ನಿಲಂಗಾನೇ ಅದ ರೀ ಅಜ್ಜಿ, ಕೂಡ್ರಿ," ಎಂದೆ. "ಮಷೀನ್ ತಪ್ಪ ತೋರಸ್ಲಿಕತ್ತದ."

"ಡಾಕ್ಟರ್ ಭೀ ಉದಗೀರದಾಗ ಕುಂತಾನೇನು ಮತ್ತ?"

ಉದಗೀರದ ಪ್ಯಾಕೇಜು ನಿಲಂಗಾಕ್ಕೆ ಬಿದ್ದಿತ್ತು. ಅದನ್ನು ತೆಗೆದು ಸರಿಯಾದದ್ದು ಹಾಕಿದೆ. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ: ಪ್ರೋಗ್ರಾಮು ಮೂರೂ ಕಡೆ ಒಂದೇ ಆಗಿರುವಾಗ ಊರಿನ ಹೆಸರು ಅದರ ಹೊಟ್ಟೆಯೊಳಗೆ ಯಾಕಿರಬೇಕು? ಹೊರಗಿಟ್ಟರೆ ಏನಾಗುತ್ತದೆ?

ಮರುದಿನ ನಾನು ಕೂರುವ ಉಮರ್ಗಾದಲ್ಲೇ ಮಾಡಿ ನೋಡಿದೆ. ಸರ್ವರ್ ಯಂತ್ರದಲ್ಲಿ ಪ್ಯಾಕೇಜಿನ ಆಚೆ ಒಂದು ಫೋಲ್ಡರ್ ಮಾಡಿ, ಉಮರ್ಗಾದ ಹೆಸರು, ಭಾಷೆ, ವಿಳಾಸ ಬರೆದ ಸೆಟ್ಟಿಂಗುಗಳ ಫೈಲನ್ನು ಅದರಲ್ಲಿಟ್ಟೆ. ಶುರುವಾಗುವಾಗ ಎಲ್ಲಿ ನೋಡಬೇಕೆಂದು ಸರ್ವರಿಗೆ ತಿಳಿಸಿದೆ. ಪರೀಕ್ಷೆಗೆಂದು ಉದಗೀರದ ಪ್ಯಾಕೇಜನ್ನೇ ಬೇಕೆಂದೇ ಹಾಕಿದೆ. ಪರದೆ ಹತ್ತಿತು: "ಉದಗೀರ ಶಾಖೆ."

ಹುಡುಕಿದರೆ, ನಾನು ಸರ್ವರಿಗೆ ಕೊಟ್ಟ ಫೋಲ್ಡರಿನ ವಿಳಾಸದಲ್ಲಿ ಒಂದಕ್ಷರ ತಪ್ಪಿತ್ತು. ಹೊರಗಿನ ಫೈಲು ಸಿಗದೆ ಸರ್ವರು ಸದ್ದಿಲ್ಲದೆ ಪ್ಯಾಕೇಜಿನೊಳಗಿನ ಸೆಟ್ಟಿಂಗುಗಳನ್ನೇ ಓದಿಕೊಂಡಿತ್ತು. ಹಾಗಾದರೆ ಒಳಗೆ ಏನೂ ಇರಲೇಬಾರದು ಎನ್ನಿಸಿತು. ಒಳಗಿನದನ್ನು ಅಳಿಸಿದೆ, ಏನಾಗುತ್ತದೆ ನೋಡೋಣವೆಂದು ಆ ತಪ್ಪಕ್ಷರವನ್ನು ಮಾತ್ರ ಹಾಗೇ ಬಿಟ್ಟು ಮತ್ತೆ ಶುರುಮಾಡಿದೆ. ಸರ್ವರು ಏಳಲೇ ಇಲ್ಲ. ಸೆಟ್ಟಿಂಗಿನ ಫೈಲು ಸಿಗುತ್ತಿಲ್ಲ ಎಂದು ಬರೆದು ನಿಂತಿತು. ನಾನು ನಕ್ಕೆ.

"ಬಂದ್ ಬಿದ್ದದಲ್ರೀ, ನಗಲಿಕತ್ತೀರಿ?" ಚೀಟಿ ಕೊಡುವ ಮೇಜಿನ ಹೆಂಗಸು ಕೇಳಿದಳು.

"ಯಾಕ ಬಂದ್ ಬಿದ್ದದಂತ ತಾನೇ ಹೇಳ್ಳಿಕತ್ತದ, ನೋಡ್ರಿ."

ಅಕ್ಷರ ತಿದ್ದಿದ ಮೇಲೆ ಉಮರ್ಗಾ ಉಮರ್ಗಾ ಆಯಿತು. ಅಲ್ಲಿಂದ ಮುಂದೆ ಮೂರೂ ಊರಿಗೆ ಒಂದೇ ಪ್ಯಾಕೇಜು, ಹೊರಗೆ ಊರಿಗೊಂದು ಫೈಲು.

ಕೆಲವು ತಿಂಗಳ ಮೇಲೆ ಉದಗೀರದ ಯಂತ್ರದ ಡಿಸ್ಕ್ ಕೆಟ್ಟಿತು. ಪ್ಯಾಕೇಜು ನನ್ನ ಹತ್ತಿರ ಇತ್ತು, ಸೆಟ್ಟಿಂಗಿನ ಫೈಲು ಮಾತ್ರ ಆ ಡಿಸ್ಕಿನ ಹೊರತು ಎಲ್ಲೂ ಇರಲಿಲ್ಲ. ಹೊರಗಿಟ್ಟದ್ದಕ್ಕೂ ಒಂದು ಪ್ರತಿ ಬೇಕೆಂದು ಆಗಲೇ ಹೊಳೆದದ್ದು. ಹೊಸದಾಗಿ ಬರೆಯಲು ಅಲ್ಲಿನ ನರ್ಸಿಗೆ ಫೋನು ಮಾಡಿ, ಪರದೆ ಯಾವ ಭಾಷೆಯಲ್ಲಿತ್ತೆಂದು ಕೇಳಿದೆ.

"ಮರಾಠಿ ಇತ್ತು ರೀ. ಕನ್ನಡ ಭೀ ಹಾಕ್ಲಿಕ್ಕ ಬರ್ತದೇನು? ಗಡಿ ದಾಟಿ ಔರಾದ ಕಡಿ ಮಂದಿ ಭಾಳ ಬರ್ತಾರ."

ಭಾಷೆಯ ಸಾಲಿನಲ್ಲಿ ಇನ್ನೊಂದು ಪದ ಸೇರಿಸಿದೆ. ಪ್ಯಾಕೇಜು ಮುಟ್ಟಲಿಲ್ಲ. ಆಮೇಲೆ ಮೂರೂ ಫೈಲುಗಳ ಪ್ರತಿಯನ್ನು ಸಿ.ಡಿ.ಗೆ ಇಳಿಸಿ ಉಮರ್ಗಾದ ಕಪಾಟಿನಲ್ಲಿಟ್ಟೆ.