ಪಾಠದ ಲೆಕ್ಕಕ್ಕೆ ಸೇರಿದ ಭಾಷಣ

ವಸಂತಪುರದ ಅನುದಾನಿತ ಪ್ರೌಢಶಾಲೆಯಲ್ಲಿ ಇಪ್ಪತ್ತೇಳು ವರ್ಷದಿಂದ ಕನ್ನಡ ಪಾಠ ಹೇಳುತ್ತಿದ್ದ ಗುರುಶಾಂತಪ್ಪನವರಿಗೆ ಹಾಜರಿ, ವೇಳಾಪಟ್ಟಿಗಳ ಉಸ್ತುವಾರಿಯೂ ಇತ್ತು. ವರ್ಷಕ್ಕೆ ಇಷ್ಟು ಗಂಟೆ ಪಾಠ ನಡೆಯಲೇಬೇಕು ಎಂಬ ಸುತ್ತೋಲೆಯನ್ನು ಅವರಷ್ಟು ಭಕ್ತಿಯಿಂದ ಓದಿದವರು ಅದನ್ನು ಕಳಿಸಿದ ಇಲಾಖೆಯಲ್ಲೂ ಇದ್ದಿರಲಾರರು. ಮಳೆಗೆ ರಜೆ ಸಿಕ್ಕಿತೆಂದು ಮಕ್ಕಳು ಕುಣಿಯುತ್ತಿದ್ದರೆ, ಇವರು ಆ ದಿನದ ಪಾಠವನ್ನು ಯಾವ ಶನಿವಾರಕ್ಕೆ ತುರುಕಬಹುದೆಂದು ಕ್ಯಾಲೆಂಡರ್ ತಿರುವುತ್ತಿದ್ದರು.

ಬೆಳಿಗ್ಗೆ ಹಣೆ ತುಂಬ ವಿಭೂತಿ ಧರಿಸಿ ಗೇಟಿನಲ್ಲಿ ನಿಲ್ಲುವರು. ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ಬಂದವರನ್ನು ಒಳಗೇನೋ ಬಿಡುತ್ತಿದ್ದರು, ಆದರೆ ಹಾಜರಿಯಲ್ಲಿ ಅರ್ಧ ದಿನ ಗೈರು. ಪ್ರಾರ್ಥನೆ ಮುಗಿದ ಮೇಲೆ ಮೈಕು ಹಿಡಿದು ಸಮಯದ ಬೆಲೆಯ ಬಗ್ಗೆ ಇಪ್ಪತ್ತು ನಿಮಿಷ ಮಾತು. ಬಿಸಿಲಲ್ಲಿ ನಿಂತ ಮಕ್ಕಳ ಸಮಯಕ್ಕೂ ಬೆಲೆಯಿದೆ ಎಂಬುದು ಮಾತ್ರ ಮಹಾಶಯರಿಗೆ ಹೊಳೆದಿರಲಿಲ್ಲ. ಸಾಲದ್ದಕ್ಕೆ ಆ ಭಾಷಣವನ್ನೂ 'ನೀತಿಬೋಧೆ' ಎಂದು ಪಾಠದ ಗಂಟೆಗಳ ವರದಿಗೆ ಸೇರಿಸಿಬಿಡುತ್ತಿದ್ದರು.

ಹತ್ತನೇ ತರಗತಿಯ ಮಧುಶ್ರೀ ಹೆಚ್ಚುಕಮ್ಮಿ ದಿನಾ ತಡ. ತಾಯಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಏಳಕ್ಕೇ ಹೊರಡಬೇಕು. ತಮ್ಮನನ್ನು ಅಂಗನವಾಡಿಗೆ ಬಿಟ್ಟು ಇವಳು ಓಡಿ ಬರುವಷ್ಟರಲ್ಲಿ ಭಾಷಣ ಮುಗಿಯುವ ಹೊತ್ತು. ಒಂದು ಪಾಠವನ್ನೂ ತಪ್ಪಿಸಿಕೊಂಡವಳಲ್ಲ. ಆದರೂ ಪರೀಕ್ಷೆಗೆ ಹೆಸರು ಕಳಿಸುವಾಗ ನೋಡಿದರೆ ಹಾಜರಿ ಶೇಕಡಾ ಅರವತ್ತೊಂದು. ಎಪ್ಪತ್ತೈದು ಇಲ್ಲದವರಿಗೆ ಪರೀಕ್ಷೆ ಇಲ್ಲ.

ಚೆನ್ನಾಗಿ ಓದುವ ಹುಡುಗಿ. ತಾವೇ ಹಾಕಿದ ಗೈರುಗಳನ್ನು ಗುರುಶಾಂತಪ್ಪನವರು ಮೊದಲಿನಿಂದ ಮತ್ತೆ ಎಣಿಸಿದರು. ಮುಖ್ಯೋಪಾಧ್ಯಾಯಿನಿ ವಿಮಲಾ ಅವರ ಕೋಣೆಗೆ ಹೋದರು.

"ಈ ಹುಡುಗಿಗೆ ವಿನಾಯಿತಿ ಕೊಡೋಕಾಗಲ್ವಾ ಮೇಡಂ?"

"ಪಾಠ ತಪ್ಪಿಸಿಲ್ಲ ಅಂತ ನೀವು ಬರ್ಕೊಡಿ ಸಾರ್, ನಾನು ಆಫೀಸಿಗೆ ಕಳಿಸ್ತೀನಿ. ಆದ್ರೆ ನಿಮ್ಮ ಭಾಷಣಾನೂ ಪಾಠ ಅಂತ ವರದೀಲಿದೆಯಲ್ಲ, ಅದನ್ನ ತೆಗೀಬೇಕಾಗುತ್ತೆ. ಆಗ ಇಡೀ ಸ್ಕೂಲಿಗೆ ಗಂಟೆ ಕಮ್ಮಿ ಬೀಳುತ್ತೆ."

"ಶನಿವಾರ ಮಧ್ಯಾಹ್ನ ನಾನೇ ಕ್ಲಾಸ್ ತಗೊಂಡು ತುಂಬಿಸ್ತೀನಿ," ಎಂದರು. ಅಷ್ಟು ಹೇಳಿದರೂ ಭಾಷಣವನ್ನು ಹೊಡೆದುಹಾಕಲು ಮನಸ್ಸು ಬರಲಿಲ್ಲ. ಮಧುಶ್ರೀಯನ್ನು ಕರೆಸಿದರು.

"ನನ್ನ ಭಾಷಣ ಒಂದಿನಾನಾದ್ರೂ ಕೇಳಿದ್ದೀಯೇನಮ್ಮಾ?"

"ಮೈಕಲ್ಲಿ ಅಂಗನವಾಡಿವರೆಗೂ ಕೇಳ್ಸುತ್ತೆ ಸಾರ್. ಅದು ಶುರುವಾದ್ರೆ ಸಾಕು, ನನ್ನ ತಮ್ಮ ಅಳೋದು ನಿಲ್ಸಿ ನಿದ್ದೆ ಮಾಡ್ಬಿಡ್ತಾನೆ."

ಹುಡುಗಿ ಹೊಗಳಿಕೆಯೆಂದೇ ಹೇಳಿದ್ದಳು. ವಿಮಲಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಗುರುಶಾಂತಪ್ಪನವರು ಕಾಗದ ಎಳೆದುಕೊಂಡರು. 'ಪ್ರಾರ್ಥನೆಯ ನಂತರ ನಾನು ಮಾಡುವ ಭಾಷಣವು ಪಾಠವಲ್ಲ. ಅದನ್ನು ತಪ್ಪಿಸಿಕೊಂಡ ಕಾರಣಕ್ಕೆ ಈ ವಿದ್ಯಾರ್ಥಿನಿಗೆ ಗೈರು ಹಾಕಿದ್ದು ನನ್ನ ತಪ್ಪು' ಎಂದು ಬರೆದು ಸಹಿ ಮಾಡಿದರು.

ವಿಮಲಾ ಎರಡು ಸಲ ಓದಿದರು. "ಇದು ನಿಜಾನಾ ಅಂತ ಮೇಲಿನವರು ಕೇಳಿದ್ರೆ ಏನು ಹೇಳ್ಲಿ ಸಾರ್?"

"ಇಪ್ಪತ್ತೇಳು ವರ್ಷದಿಂದ ನಿಜ ಮೇಡಂ. ನನಗೆ ಗೊತ್ತಾಗಿದ್ದು ಈವತ್ತು ಅನ್ನಿ."